ಗುಂಡಿ ಸುಮ್ಮನಾದ ಮೇಲೆ

ಟೈಲರನ ಹೆಂಡತಿ ಪ್ರವಾಸಿಗಳನ್ನು ಹೊತ್ತು ತಿರುಗುವ ಹಡಗೊಂದರಲ್ಲಿ ನರ್ಸ್ ಆಗಿದ್ದಳು. ಹಡಗು ದಡ ಸಮೀಪಿಸಿದಾಗ ಮಾತ್ರ ಮನೆಗೆ ಫೋನ್ ಮಾಡುವುದು ಅವಳಿಗೆ ಸಾಧ್ಯವಾಗುತ್ತಿತ್ತು. ಫೋನ್ ರಿಂಗಾದ ಕ್ಷಣದಿಂದ ಮಾತು ಮುಗಿಯುವ ತನಕ ಗುಂಡಿ ಬೊಗಳುತ್ತಿತ್ತು.

ಗುಂಡಿ ಎಂದರೆ ನಾಯಿ. ಮೊಳದುದ್ದದ ಪ್ರಾಣಿ, ಕೋಟಿಗೆ ಹೊಲಿದ ಗುಂಡಿಗಳಂಥ ಎರಡು ಕಪ್ಪು ಕಣ್ಣು. ಹೆಂಡತಿ ಹಡಗು ಹತ್ತಿದ ಮೇಲೆ ಒಬ್ಬನೇ ಕೂತು ಹೊಲಿಯುವುದು ಬೇಸರವಾಗಿ ಅವನು ಅದನ್ನು ತಂದು ಸಾಕಿಕೊಂಡಿದ್ದ. ಹಾಗಾಗಿ ಮನೆಯೊಡತಿಯನ್ನು ಅದು ಕಂಡದ್ದೇ ಇಲ್ಲ. “ಮುಷ್ಟಿಯಷ್ಟು ನಾಯಿ, ಮೂರು ಬೀದಿಗೆ ಕೇಳೋ ಗಂಟಲು,” ಎನ್ನುತ್ತಿದ್ದರು ಕೆಳಗಿನ ಮನೆಯ ಅಜ್ಜಿ.

“ನಿದ್ದೆ ಸರಿಯಾಗಿ ಬರ್ತಿದ್ಯಾ?” ಎಂದು ಹೆಂಡತಿ ಅಲ್ಲಿಂದ ಕೇಳುವಳು.

“ಇದ್ದೆ, ಇಲ್ಲೇ ಇದ್ದೆ,” ಎಂದು ಇವನು ಇಲ್ಲಿಂದ ಕೂಗುವನು.

ಕೋಣೆಯಲ್ಲಿ ಕೂಡಿಹಾಕಿದರೆ ಗುಂಡಿ ಬಾಗಿಲು ಕೆರೆದು ಊಳಿಡುತ್ತಿತ್ತು. ಇವನು ಫೋನ್ ಹಿಡಿದು ಮೆಟ್ಟಿಲಿಗೆ ಹೋದರೆ ಅಕ್ಕಪಕ್ಕದವರ ನಾಯಿಗಳೂ ದನಿಗೂಡಿಸುತ್ತಿದ್ದವು. ಕೊನೆಗೆ ಗಂಡ ಹೆಂಡತಿ ಇಬ್ಬರೂ “ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ” ಎಂದಷ್ಟೇ ಕಿರುಚಿ ಫೋನ್ ಇಡುತ್ತಿದ್ದರು.

ಅವಳು ಹೊರಟಾಗ ತಡೆದವನೇನೂ ಅಲ್ಲ ಅವನು. ಕಿಟಕಿಯೇ ಇಲ್ಲದ ವಾರ್ಡಿನಲ್ಲಿ ಅರ್ಧ ಆಯುಷ್ಯ ಕಳೆದವಳು, ಒಮ್ಮೆ ಸಮುದ್ರ ನೋಡಬೇಕು ಅಂದಿದ್ದಳು. “ಹೋಗು, ನನ್ನ ಚಿಂತೆ ಬಿಡು,” ಅಂದಿದ್ದ. ಆ ಮಾತನ್ನು ಎಷ್ಟು ಸಲೀಸಾಗಿ ಹೇಳಿದ್ದನೆಂದರೆ ಅವಳು ನಂಬಿಬಿಟ್ಟಿದ್ದಳು.

ಒಂದು ದಿನ ಅವಳು ಫೋನಿನಲ್ಲಿ ಏನನ್ನೋ ಉದ್ದಕ್ಕೆ ಹೇಳಿದಳು. ಬೊಗಳುವುದರ ನಡುವೆ ಅವನಿಗೆ ದಕ್ಕಿದ್ದು ಕೊನೆಯ ಮಾತು ಮಾತ್ರ: “ಯೋಚನೆ ಮಾಡಿ ಹೇಳಿ.” ಅಷ್ಟರಲ್ಲಿ ಫೋನ್ ಕಟ್ಟಾಯಿತು. ಏನು ಯೋಚಿಸಬೇಕು ಎಂದು ಅವನು ಮೆಸೇಜ್ ಕಳಿಸಿದ. “ಅದು ಬರೆದು ಹೇಳೋ ಮಾತಲ್ಲ. ಮುಂದಿನ ಸಲ ಮಾತಾಡೋಣ,” ಎಂದು ಉತ್ತರ ಬಂತು. ಆಮೇಲೆ ಹಡಗು ದೂರದ ಸಮುದ್ರಕ್ಕೆ ಹೋಯಿತು.

ಆ ವಾರ ಪ್ರಾಣಿಗಳ ಡಾಕ್ಟರಮ್ಮ ತಮ್ಮ ಹೊಸ ಬಿಳಿ ಕೋಟಿನ ಅಳತೆ ನೋಡಿಸಿಕೊಳ್ಳಲು ಬಂದರು. ಅವನು ತೋಳಿಗೆ ಪಿನ್ನು ಚುಚ್ಚುತ್ತಿದ್ದಾಗ ಯಾರೋ ಗಿರಾಕಿಯ ಫೋನ್ ಬಂತು. ಗುಂಡಿ ಶುರು ಮಾಡಿತು.

“ಸುಮ್ನಿರೋ,” ಎಂದು ಅವನು ಗದರಿದ. ಅದು ಇನ್ನೂ ಜೋರು ಮಾಡಿತು.

“ನೀವು ಕೂಗಿದ್ರೆ ಅದಕ್ಕೆ ಜೊತೆಗೊಬ್ಬ ಸಿಕ್ಕ ಹಾಗೆ,” ಎಂದರು ಡಾಕ್ಟರಮ್ಮ. “ಯಜಮಾನ್ರೂ ಬೊಗಳ್ತಿದ್ದಾರೆ, ನಾನು ಹಿಂದೆ ಬೀಳಬಾರದು ಅಂದ್ಕೊಳ್ಳುತ್ತೆ.”

“ಮತ್ತೆ ಏನ್ಮಾಡ್ಲಿ ಡಾಕ್ಟ್ರಮ್ಮ?”

“ಫೋನ್ ಬಂದಾಗ ನೀವೇನ್ಮಾಡ್ತೀರಿ, ಅದು ಹೇಳಿ.”

“ಓಡ್ತೀನಿ.”

“ಎಲ್ಲಿದ್ರೂ?”

“ಎಲ್ಲಿದ್ರೂ. ಅವಳೇನೋ ಅಂತ.”

ಡಾಕ್ಟರಮ್ಮ ಗುಂಡಿಯನ್ನೊಮ್ಮೆ ನೋಡಿದರು. ಆಮೇಲೆ, “ಮನೆಯೋನು ಹಂಗೆ ಎದ್ದುಬಿದ್ದು ಓಡಿದ್ರೆ ನಾಯಿ ಏನಂದ್ಕೋಬೇಕು? ಏನೋ ಅನಾಹುತ ಆಗಿದೆ ಅಂತಾನೇ. ಮೊದ್ಲು ನೀವು ನಡೆಯೋದು ಕಲೀರಿ,” ಎಂದರು. ಉಳಿದದ್ದನ್ನೂ ಬಿಡಿಸಿ ಹೇಳಿದರು. ರಿಂಗಿನ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಬೇಕು. ನಾಯಿ ಸುಮ್ಮನಿದ್ದರೆ ತಕ್ಷಣ ಬಾಯಿಗೊಂದು ತುಣುಕು. ಬೊಗಳಿದರೆ ಬೈಗುಳವೂ ಇಲ್ಲ, ಮುದ್ದೂ ಇಲ್ಲ. ಸದ್ದನ್ನು ಇನ್ನಷ್ಟು ತಗ್ಗಿಸುವುದು. ಕೂರಲು ಅದಕ್ಕೊಂದು ಜಾಗ ಗೊತ್ತುಮಾಡಬೇಕು. “ಬೆನ್ನು ಬೀಳಬೇಡಿ. ಅದಕ್ಕೆ ಬೇಜಾರಾಗೋ ಮುಂಚೆ ನಿಲ್ಲಿಸಿ.”

ಅವನು ಮೊಟ್ಟೆ ಬೇಯಿಸಿ ಕಡಲೆಕಾಳಿನಷ್ಟು ಚೂರು ಮಾಡಿಟ್ಟುಕೊಂಡ. ಹಳೆಯ ಕೋಟಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಗೆ ಮೆಷಿನ್ನಿನ ಪಕ್ಕ ಹಾಸಿದ. ಬಟ್ಟೆ ರಾಶಿಯ ಅಡಿಯಲ್ಲಿ ಫೋನಿಟ್ಟು ರಿಂಗ್ ಹಾಕಿದ. ಗುಂಡಿ ಕಿವಿ ನಿಮಿರಿಸಿತು, ಬೊಗಳಲಿಲ್ಲ. ಮೊಟ್ಟೆ ಸಿಕ್ಕಿತು. ದಿನೇ ದಿನೇ ರಾಶಿಯ ಒಂದೊಂದೇ ಬಟ್ಟೆ ತೆಗೆದ. ನಡುವೆ ಒಂದು ವಾರ ಎಲ್ಲವೂ ನೀರಲ್ಲಿ ಹೋಮ ಮಾಡಿದಂತಾಯಿತು. ಗುಂಡಿ ಹಾಸು ಕಚ್ಚಿ ಹರಿದು, ಕುಕ್ಕರಿನ ವಿಷಲ್ಲಿಗೂ ಬೊಗಳತೊಡಗಿತು. ಅವನು ತಲೆ ಮೇಲೆ ಕೈಹೊತ್ತು ಕೂತ, ಮಾರನೇ ದಿನ ಮತ್ತೆ ಮೊದಲಿನಿಂದ ಶುರು ಮಾಡಿದ.

ಅವನಿಗೆ ಕಷ್ಟವಾದದ್ದು ತಾನು ನಡೆಯುವುದು. ರಿಂಗ್ ಹಾಕಿದವನು ತಾನೇ ಆಗಿದ್ದರೂ ಕಾಲು ತಂತಾನೇ ಓಡುತ್ತಿತ್ತು.

ರಿಂಗಿಗೆ ಒಗ್ಗಿದ ಮೇಲೆ ದನಿಗೂ ಒಗ್ಗಿಸಬೇಕಿತ್ತು. ಅವಳು ಹಿಂದೊಮ್ಮೆ ಕಳಿಸಿದ್ದ ಒಂದು ವಾಯ್ಸ್ ಮೆಸೇಜ್ ಅವನ ಬಳಿ ಇತ್ತು. “ಹಲೋ, ಕೇಳಿಸ್ತಾ? ಇಲ್ಲಿ ಗಾಳಿ ಜಾಸ್ತಿ. ಆಮೇಲೆ ಮಾಡ್ತೀನಿ.” ಅದನ್ನೇ ಹಾಕಿದ, ಮತ್ತೆ ಹಾಕಿದ. ಗುಂಡಿ ಹಾಸಿನ ಮೇಲೆ ಕೂತು ಕಣ್ಣು ಮಿಟುಕಿಸದೆ ಫೋನನ್ನೇ ನೋಡುವಷ್ಟು ಪಳಗಿತು. ಗುಂಡಿ ಕಲಿತು ಮುಗಿದ ಮೇಲೂ ಅವನು ಆ ಮೆಸೇಜನ್ನು ಹಾಕುತ್ತಲೇ ಇದ್ದ. “ಗಾಳಿ” ಎನ್ನುವಾಗ ಅವಳು ಸಣ್ಣಗೆ ನಗುತ್ತಾಳೆಂದು ಅವನಿಗೆ ಈಗ ಗೊತ್ತಾಗಿತ್ತು.

ಕೊನೆಗೂ ಒಂದು ಮಧ್ಯಾಹ್ನ ಅವಳ ಫೋನ್ ಬಂತು. ಅವನು ಕತ್ತರಿ ಕೆಳಗಿಟ್ಟು, ಎದ್ದು, ನಡೆದುಹೋಗಿ ಎತ್ತಿಕೊಂಡ. ಗುಂಡಿ ಹಾಸಿನ ಮೇಲೆ ಕೂತಿತು.

“ಹಲೋ? ಇದೇನ್ರೀ ಸದ್ದೇ ಇಲ್ಲ. ಗುಂಡಿಗೇನಾಯ್ತು?” ಅವಳ ದನಿಯಲ್ಲಿ ಗಾಬರಿಯಿತ್ತು.

“ಏನೂ ಆಗಿಲ್ಲ. ಜಾಣನಾಗಿ ಕೂತಿದ್ದಾನೆ. ಹೇಳು.”

“ನೀವೇ ಹೇಳಿ.”

ಇಬ್ಬರಿಗೂ ಇಷ್ಟು ದಿನ ಕಿರುಚಿ ಅಭ್ಯಾಸ. ಮೆಲ್ಲಗೆ ಏನು ಹೇಳಬೇಕೋ ತಿಳಿಯದು. ಆ ಕಡೆ ಎಂಜಿನ್ನಿನ ಗುಂಯ್ ಸದ್ದು ಕೇಳುತ್ತಿತ್ತು. ಯಾರೋ ಅವಳನ್ನು ಇವನಿಗೆ ಗೊತ್ತಿಲ್ಲದ ಹೆಸರಿನಿಂದ ಕರೆದರು, ಅವಳು ಇವನಿಗೆ ಬಾರದ ಭಾಷೆಯಲ್ಲಿ ಏನೋ ಅಂದು ನಕ್ಕಳು. ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

“ನೀನಿಲ್ದೆ ಆಗ್ತಿಲ್ಲ ಕಣೇ,” ಅಂದುಬಿಟ್ಟ.

“ಇಷ್ಟು ದಿನ ಒಂದು ಸಲಾನೂ ಹೇಳ್ಲಿಲ್ವಲ್ರೀ.”

“ಹೇಳೋಕೆ ಈ ನಾಯಿ ಬಿಟ್ರೆ ತಾನೇ.”

“ನಾಯಿ ಮೇಲೆ ಹಾಕ್ಬೇಡಿ,” ಎಂದಳು. ನಗಲಿಲ್ಲ. “ಅವತ್ತು ಕೇಳಿದ್ನಲ್ಲ, ಹಡಗಿನೋರು ಇನ್ನೊಂದು ವರ್ಷ ಇರು ಅಂತಿದ್ದಾರೆ, ಏನ್ಮಾಡ್ಲಿ ಅಂತ? ಇವತ್ತಿನವರೆಗೆ ಕಾಯೋಕೆ ಅವರು ಬಿಡ್ಲಿಲ್ಲ. ಪ್ರತಿ ಸಲ ಚೆನ್ನಾಗಿದ್ದೀನಿ ಅಂತಿದ್ರಲ್ಲ, ಹೆಂಗೋ ಹೊಂದ್ಕೊಂಡಿದ್ದೀರಿ ಅಂತ ಒಪ್ಕೊಂಡ್ಬಿಟ್ಟೆ.”

ಅವನು ಹೋಗಿ ಗುಂಡಿಯ ಹಾಸಿನ ಪಕ್ಕ ನೆಲದ ಮೇಲೆ ಕೂತ.

“ನಡುವೆ ರಜೆ ಕೊಡ್ತಾರೆ. ಬರ್ತೀನಿ,” ಎಂದಳು.

ರಜೆಗೆ ಬಂದಳು. ಬಿಸಿಲಿಗೆ ಕಂದಿದ್ದಳು, ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಬಾಗಿಲಲ್ಲಿ ಪೆಟ್ಟಿಗೆ ಇಟ್ಟು “ಗುಂಡಿ” ಎಂದು ಕರೆದಳು. ಆ ದನಿ ಕೇಳಿದ್ದೇ ಗುಂಡಿ ಅವಳತ್ತ ತಿರುಗಿಯೂ ನೋಡದೆ ಹೋಗಿ ಹಾಸಿನ ಮೇಲೆ ಕೂತು, ಮೆಷಿನ್ನಿನ ಮೇಲಿದ್ದ ಫೋನನ್ನು ನೋಡತೊಡಗಿತು. ಅವಳು ಮತ್ತೆ ಕರೆದಳು. ಅದು ಇನ್ನಷ್ಟು ನೆಟ್ಟಗೆ ಕೂತು ಫೋನನ್ನೇ ನೋಡಿತು. ಅವಳು ನೆಲದ ಮೇಲೆ ಕುಸಿದು ಕೂತು ನಕ್ಕಳು. ನಗುತ್ತ ನಗುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕಾಯಿಸಿದ.

ಗುಂಡಿ ಅವಳ ಕಾಲು ಮೂಸಿ, ಅವಳ ಮಡಿಲಲ್ಲಿ ಮಲಗುವಷ್ಟು ಸಲಿಗೆ ಬೆಳೆಸುವ ಹೊತ್ತಿಗೆ ರಜೆ ಮುಗಿಯುತ್ತ ಬಂದಿತ್ತು. ಗಂಡ ಹೆಂಡಿರ ಕತೆಯೂ ಹೆಚ್ಚುಕಡಿಮೆ ಅದೇ. ಮೊದಮೊದಲು ಒಬ್ಬರ ಕಾಲಿಗೆ ಒಬ್ಬರು ಅಡ್ಡ ಬಂದು ಸರಿದು ನಿಲ್ಲುತ್ತಿದ್ದರು. ಮಾತು ಸರಾಗವಾಗುವಾಗ ಅವಳು ಪೆಟ್ಟಿಗೆ ತುಂಬತೊಡಗಿದಳು.

“ಹಡಗು ನಮ್ಮ ದಡದ ಕಡೆ ಬಂದಾಗ ನಾನೇ ಬರ್ಲಾ?” ಎಂದು ಅವನು ಕೇಳಿದ.

“ಅಷ್ಟು ದೂರಾನಾ? ಒಂದೇ ಮಧ್ಯಾಹ್ನ ನಿಲ್ಲುತ್ತೆ ರೀ.”

“ನಿಂತ್ರೆ ಸಾಕು.”

ಕೆಲವು ತಿಂಗಳ ಮೇಲೆ, ಗುಂಡಿಯನ್ನು ಕೆಳಗಿನ ಮನೆಯ ಅಜ್ಜಿಗೆ ಒಪ್ಪಿಸಿ, ಅವನು ಬಂದರಿಗೆ ಹೋದ. ಬೆಳಗಾಗುತ್ತಲೇ ಬೇಲಿಗೆ ಒರಗಿ ನಿಂತಿದ್ದ. ಪ್ರವಾಸಿಗಳೆಲ್ಲ ಇಳಿದ ಮೇಲೆ ಅವಳು ಇಳಿದು ಬಂದಳು. ಹಿಂದಿನ ಪಾಳಿಯಲ್ಲಿ ಯಾರಿಗೋ ಕಾಯಿಲೆ ಜೋರಾಗಿ ಅವಳು ಕಣ್ಣು ಮುಚ್ಚಿರಲಿಲ್ಲ. ಇಬ್ಬರೂ ನೆರಳಿದ್ದ ಬೆಂಚೊಂದನ್ನು ಹುಡುಕಿ ಕೂತರು.

“ಹೇಳಿ, ಏನೇನು ಸಮಾಚಾರ?” ಎಂದಳು ಅವಳು. ಅವನು ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಅವಳ ತಲೆ ಅವನ ಭುಜಕ್ಕೆ ವಾಲಿತು. ಅವಳಿಗೆ ನಿದ್ದೆ ಹತ್ತಿತ್ತು.

ಅವನು ಅಲುಗಾಡಲಿಲ್ಲ. ತೋಳು ಜೋಮು ಹಿಡಿಯಿತು, ನೆರಳು ಸರಿದು ಬಿಸಿಲು ಮೊಣಕಾಲಿಗೆ ಬಂತು. ಪಕ್ಕದಲ್ಲಿ ಹಣ್ಣು ಮಾರುವವಳು ಗಿರಾಕಿಗಳನ್ನು ಕೂಗಿ ಕರೆಯಲು ಬಾಯಿ ತೆರೆದಾಗ ಅವನು ಕೈ ಸನ್ನೆ ಮಾಡಿದ. ಆಕೆ ನಿದ್ದೆಹೋದವಳನ್ನು ನೋಡಿ, ತಲೆಯಾಡಿಸಿ, ಬುಟ್ಟಿ ಎತ್ತಿಕೊಂಡು ಆಚೆ ಹೋದಳು. ಹಡಗಿನವರು ಒಬ್ಬೊಬ್ಬರಾಗಿ ಹಿಂತಿರುಗುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತಿದೆ, ಆಮೇಲೆ ಎಬ್ಬಿಸಿದರಾಯಿತು ಎಂದುಕೊಂಡು ಅವನು ಅವಳ ಉಸಿರನ್ನು ಕೇಳುತ್ತ ಕೂತ.