ಹಿಂದಿನ ಎಡಚಕ್ರದ ಪಿನ್ನು

ಶನಿವಾರ ಫುಲ್ವಿಯೊ ಮಾಮ ಬಂದು ಕಾರನ್ನು ತೆಗೆದುಕೊಂಡು ಹೋಗುವವರಿದ್ದರು. ಸೋಮವಾರದಿಂದಲೇ ಅಪ್ಪ ನನ್ನ ತಲೆ ತಿನ್ನಲು ಶುರುಮಾಡಿದ.

ಕಾರೆಂದರೆ ಓಡುವ ಕಾರಲ್ಲ, ಅದರ ಎಂಟನೇ ಒಂದರಷ್ಟು ಅಳತೆಯ ಮಾದರಿ. ಉದ್ದ ಒಂದು ಮೊಳಕ್ಕಿಂತ ತುಸು ಹೆಚ್ಚು. ನಿಜವಾದದ್ದನ್ನು ೧೯೭೯ರಲ್ಲಿ ಓಡಿಸಿ ಫುಲ್ವಿಯೊ ತಾರಾಬೂಸಿ ಯುರೋಪಿನ ಚಾಂಪಿಯನ್ ಆದರು. ಆ ಕಾರಿನ ನಾಲ್ವರು ಮೆಕ್ಯಾನಿಕ್ಕುಗಳಲ್ಲಿ ನಮ್ಮಪ್ಪ ಎರ್ಮೆಸ್ ಒಬ್ಬ. ಆಗ ನನಗೆ ಎಂಟು ವರ್ಷ. ಈಗ ನೊನಂತೊಲಾ ಊರಿನ, ಆಗ ನಾವಿದ್ದ ಅದೇ ಮನೆಯ ಹಿತ್ತಲ ಶೆಡ್ಡಿನಲ್ಲಿ ಕೂತು, ಒಂದರ ಮೇಲೊಂದು ಕನ್ನಡಕ ಏರಿಸಿಕೊಂಡು, ಗೆದ್ದ ಕಾರುಗಳನ್ನು ಚಿಕ್ಕದಾಗಿ ಕಟ್ಟುವುದೇ ನನ್ನ ಕಸುಬು.

ಈ ಕಸುಬಿನಲ್ಲಿ ಸುಮ್ಮನೆ ಒಂದು ಕಾರು ಮಾಡಿಟ್ಟರೆ ಯಾರೂ ಮೂಸಿಯೂ ನೋಡುವುದಿಲ್ಲ. ಯಾವ ರೇಸಿನ, ಯಾವ ಗಳಿಗೆಯ ಕಾರು ಎಂದು ಹೇಳಬೇಕು. ಫುಲ್ವಿಯೊ ಮಾಮ ಕೇಳಿದ್ದು ಆ ವರ್ಷ ಮುಜೆಲ್ಲೊ ಟ್ರ್ಯಾಕಿನಲ್ಲಿ ನಡೆದ ಕೊನೆಯ ರೇಸಿನಲ್ಲಿ, ಹೊರಡುವ ಬಾವುಟ ಬೀಳುವ ಮೊದಲು ಸಾಲಿನಲ್ಲಿ ನಿಂತಿದ್ದ ಕಾರು. ಮೂಗಿನ ಮೇಲಿದ್ದ ಕಪ್ಪು ಟೇಪಿನ ತುಂಡೂ ಬೇಕು, ಅರ್ಧ ಕಿತ್ತುಬಂದ ಸ್ಟಿಕ್ಕರೂ ಬೇಕು. ಫೋಟೋದಲ್ಲಿ ಇದ್ದರೆ ಇರಬೇಕು, ಇಲ್ಲದಿದ್ದರೆ ಇರಬಾರದು. ಭೂತಗನ್ನಡಿ ಹಿಡಿದು ಬರುವ ಮುದುಕರು ಒಂದು ಸ್ಕ್ರೂ ಹೆಚ್ಚಾದರೂ ನನ್ನ ಮಾನ ಹರಾಜು ಹಾಕುತ್ತಾರೆ. ನಾನೂ ಹಾಗೇ, ಬೇರೆಯವರ ಕೆಲಸ ನೋಡಿದರೆ ಸುಮ್ಮನಿರುವವಳಲ್ಲ.

ಅಪ್ಪ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಶೆಡ್ಡಿಗೆ ಬರುತ್ತಿದ್ದ. ಅವನೇ ಬಿಚ್ಚಿ ಕಟ್ಟುತ್ತಿದ್ದ ಎಂಜಿನ್ನನ್ನು ನಾನು ಏಳು ತಿಂಗಳು ಕೂತು ಮಾಡಿದ್ದೆ. ಅದರ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಎಡಚಕ್ರ ಮುಗಿಯಿತೇ, ಅದೊಂದನ್ನೇ ಕೇಳುವುದು. ಮುಗಿದಿಲ್ಲ ಎಂದರೆ ನಿಟ್ಟುಸಿರು, ಮುಗಿದಿದೆ ಎಂದರೆ ಬಗ್ಗಿ ನೋಡುವುದು. ಮಂಗಳವಾರ ನನಗೆ ರೇಗಿಹೋಯಿತು. ಹೋಗಿ ಟೊಮೇಟೊ ಗಿಡಕ್ಕೆ ನೀರು ಹಾಕು, ನನ್ನ ಉಸಿರಿಗೆ ಉಸಿರು ತಾಗಿಸಬೇಡ ಎಂದು ಹೊರಗೆ ಕಳಿಸಿದೆ. ಎಂಬತ್ತರ ಮುದುಕ, ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಯಾಚೆ ಸುತ್ತುತ್ತಲೇ ಇದ್ದ.

ಬುಧವಾರ ಕಾರ್ಪಿಯ ಒಬ್ಬ ವಿಧವೆಯಿಂದ ಹಳೆಯ ನೆಗೆಟಿವ್‌ಗಳು ಬಂದವು. ಅವಳ ಗಂಡ ಹಲ್ಲಿನ ಡಾಕ್ಟರು, ರೇಸಿನ ಹುಚ್ಚ, ಮುಜೆಲ್ಲೊದಲ್ಲಿ ಆ ದಿನ ತೆಗೆದ ಚಿತ್ರಗಳನ್ನು ಅಚ್ಚೇ ಹಾಕಿಸಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದೊಂದನ್ನೇ ದೊಡ್ಡದು ಮಾಡಿದೆ. ಸಾಲಿನಲ್ಲಿ ನಿಂತ ಕಾರಿನ ಎಡಮಗ್ಗುಲು, ಒಳ್ಳೆಯ ಬಿಸಿಲು, ಬಣ್ಣ ನಿನ್ನೆ ತೆಗೆದಷ್ಟು ಹೊಸದು. ನನಗೆ ಸಂತೋಷಕ್ಕೆ ಕೂತಲ್ಲಿ ಕೂರಲಾಗಲಿಲ್ಲ.

ಆ ಕಾರಿನ ಒಂದೊಂದು ಚಕ್ರಕ್ಕೂ ನಡುವೆ ಒಂದೇ ದೊಡ್ಡ ನಟ್ಟು. ಓಡುವಾಗ ಅದು ಬಿಚ್ಚಿಕೊಳ್ಳದಂತೆ ತೂತಿನಲ್ಲಿ ಒಂದು ಪಿನ್ನು ತೂರಿಸುತ್ತಾರೆ. ನಾನು ಗಿಟಾರಿನ ತೀರ ಸಣ್ಣ ತಂತಿ ಕತ್ತರಿಸಿ ನಾಲ್ಕು ಪಿನ್ನು ಮಾಡಿ ನಾಲ್ಕು ಚಕ್ರಕ್ಕೂ ಹಾಕಿದ್ದೆ. ಫೋಟೋದಲ್ಲಿ ಮುಂದಿನ ಎಡಚಕ್ರದ ಪಿನ್ನು ಬಿಸಿಲಿಗೆ ಹೊಳೆಯುತ್ತಿತ್ತು. ಹಿಂದಿನದರಲ್ಲಿ ತೂತು ಮಾತ್ರ ಇತ್ತು. ಇನ್ನೂ ದೊಡ್ಡದು ಮಾಡಿದೆ. ತೂತು ಖಾಲಿ.

ಒಬ್ಬೊಬ್ಬ ಮೆಕ್ಯಾನಿಕ್ಕಿಗೆ ಒಂದೊಂದು ಚಕ್ರ. ಹಿಂದಿನ ಎಡಚಕ್ರ ಯಾರದೆಂದು ನಮ್ಮ ಮನೆಯಲ್ಲಿ ಚಿಕ್ಕ ಮಗುವಿಗೂ ಗೊತ್ತು. ಪರದೆ ಆರಿಸೋಣವೆಂದು ಕೈ ಚಾಚಿದೆ. ಅಪ್ಪ ಆಗಲೇ ನನ್ನ ಬೆನ್ನ ಹಿಂದೆ ನಿಂತಿದ್ದ.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ನೀರು ಕೊಟ್ಟೆ, ಕುಡಿಯಲಿಲ್ಲ. ಆಮೇಲೆ, ನಾನು ಕೇಳದೆಯೇ, ಎಲ್ಲವನ್ನೂ ಹೇಳಿದ. ನಟ್ಟು ಬಿಗಿದು ಪಿನ್ನು ತೂರಿಸಬೇಕು ಎನ್ನುವಷ್ಟರಲ್ಲಿ ಮೂಗಿಗೆ ಟೇಪು ಹಾಕಲು ಯಾರೋ ಕರೆದರಂತೆ. ಪಿನ್ನನ್ನು ಜೇಬಿಗೆ ಹಾಕಿಕೊಂಡು ಹೋದ. ಅಷ್ಟರಲ್ಲಿ ಎಲ್ಲರನ್ನೂ ಸಾಲಿನಿಂದ ಆಚೆ ಓಡಿಸಿದರು. ಕಾರುಗಳು ಹೊರಟ ಮೇಲೆ ಬೆವರೊರೆಸಲು ಕರವಸ್ತ್ರಕ್ಕೆ ಜೇಬಿಗೆ ಕೈಹಾಕಿದರೆ ಬೆರಳಿಗೆ ಸಿಕ್ಕಿದ್ದು ಅದು.

"ಫುಲ್ವಿಯೊಗೆ ತೋರಿಸೋ ಬೋರ್ಡು ನನ್ನ ಕಾಲ ಹತ್ರಾನೇ ಇತ್ತು ಕಣೇ," ಎಂದ. "ಒಳಗೆ ಬಾ ಅಂತ ತೋರಿಸಿದ್ರೆ ಬಂದುಬಿಡ್ತಿದ್ದ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷಕ್ಕೆ ಚಾಂಪಿಯನ್‌ಶಿಪ್ ಹೋಗ್ತಿತ್ತು. ಎತ್ತಲಿಲ್ಲ."

ಮರೆವು ಯಾರಿಗಿಲ್ಲ, ಎಷ್ಟು ವರ್ಷದ ಮಾತು, ಎಂದೆ. ನನ್ನ ದನಿಯೇ ನನಗೆ ಸುಳ್ಳಾಗಿ ಕೇಳಿಸಿತು.

"ಮರೆತದ್ದು ಐದು ನಿಮಿಷ. ಸುಮ್ನೆ ನಿಂತಿದ್ದು ನಲವತ್ತೆರಡು ಸುತ್ತು. ಮಿರೆಲ್ಲಾ ನನ್ನ ಪಕ್ಕದಲ್ಲೇ ಕೂತ್ಕೊಂಡು ಗಡಿಯಾರ ನೋಡಿ ಸುತ್ತಿನ ಲೆಕ್ಕ ಬರ್ಕೋತಿದ್ಲು. ಏಳು ತಿಂಗಳ ಬಸುರಿ. ಅರ್ಧ ಬ್ರೆಡ್ಡು ಮುರಿದು ನನಗೆ ಕೊಟ್ಲು. ತಿಂದೆ."

ಮಿರೆಲ್ಲಾ ಎಂದರೆ ಫುಲ್ವಿಯೊ ಮಾಮನ ಹೆಂಡತಿ. ಆಮೇಲೆ ಹುಟ್ಟಿದ ಆ ಮಗುವನ್ನು ಚರ್ಚಿನಲ್ಲಿ ಎತ್ತಿಕೊಂಡು ಹೆಸರಿಟ್ಟದ್ದು ನಮ್ಮಪ್ಪ. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಚಿಮಟವನ್ನು ಮೇಜಿಗೆ ಕುಕ್ಕಿದೆ. ಪಿನ್ನು ಹಾಗೇ ಇರಲಿ, ತೆಗೆಯಬೇಡ, ಯಾರು ನೋಡುತ್ತಾರೆ ಎಂದು ಅಪ್ಪ ನನ್ನ ಕೈ ಹಿಡಿದುಕೊಂಡ. ಅವನ ಬೆರಳು ತಣ್ಣಗಿದ್ದವು.

ಗುರುವಾರ ಪಿನ್ನು ತೆಗೆದೆ. ಇಪ್ಪತ್ತೆಂಟು ವರ್ಷದಲ್ಲಿ ಫೋಟೋಗೆ ವಿರುದ್ಧವಾಗಿ ಒಂದು ಗೆರೆ ಎಳೆದವಳಲ್ಲ ನಾನು. ಅಪ್ಪ ಆ ದಿನ ಮಧ್ಯಾಹ್ನ ತೊರ್ತೆಲ್ಲಿನಿ ಸಾರಿನ ಬಟ್ಟಲು ಮುಟ್ಟಲಿಲ್ಲ. ಶುಕ್ರವಾರವೂ ಮುಟ್ಟಲಿಲ್ಲ. ಫುಲ್ವಿಯೊ ಮಾಮ ಫೋನು ಮಾಡಿ, ಎರ್ಮೆಸ್ ಇರುತ್ತಾನೆ ತಾನೆ, ಅವನ ಎದುರಿಗೇ ನೋಡಬೇಕು ಎಂದರು. ಅದನ್ನು ಕೇಳಿ ಅಪ್ಪ ಲೋಟ ಉರುಳಿಸಿದ, ಲಾಂಬ್ರುಸ್ಕೊ ವೈನು ಮೇಜಿನ ಮೇಲೆಲ್ಲ ಚೆಲ್ಲಿತು. ನನ್ನ ಮಾನ ಹಾಳಾಗಲಿ ಎಂದುಕೊಂಡು ಹೋಗಿ ಪಿನ್ನು ಮತ್ತೆ ತೂರಿಸಿದೆ. ಅಂಟನ್ನೂ ಹಾಕಿದೆ. ಡಾಕ್ಟರನ ನೆಗೆಟಿವ್‌ಗಳನ್ನು ಡಬ್ಬಿಗೆ ತುಂಬಿ ಅಟ್ಟದ ಮೇಲೆ ಎಸೆದೆ.

ಶನಿವಾರ ಹತ್ತು ಗಂಟೆಗೆ ಫುಲ್ವಿಯೊ ಮಾಮ ಬಂದರು. ಎಪ್ಪತ್ತೇಳಾದರೂ ಬೀದಿಯ ತಿರುವಿನಲ್ಲಿ ಬ್ರೇಕು ಮುಟ್ಟದ ಆಸಾಮಿ; ನಮ್ಮ ಬೇಲಿಯ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಕಾರಿನ ಸುತ್ತ ಎರಡು ಸಲ ಬಂದರು. ಟೇಪಿನ ತುಂಡು ಕಂಡು ನಕ್ಕರು, ಸೀಟಿನ ಹರಿದ ಅಂಚು ಕಂಡು ಮೂಗು ಒರೆಸಿಕೊಂಡರು. ಅವರ ಕಣ್ಣು ಹಿಂದಿನ ಎಡಚಕ್ರಕ್ಕೆ ಬಂತು, ಪಿನ್ನಿನ ಮೇಲೆ ಹಾದು ಮುಂದೆ ಹೋಯಿತು. ಅಬ್ಬಾ, ದಾಟಿದೆವು ಎಂದುಕೊಂಡೆ.

ಆಗ ಅವರು ಅಪ್ಪನ ಹೆಗಲ ಮೇಲೆ ಕೈ ಹಾಕಿ ನನ್ನ ಕಡೆ ತಿರುಗಿದರು. "ನೋಡು ಮಗೂ, ಉಳಿದ ಮೂರು ಚಕ್ರದ ಮೇಲೆ ನನಗೆ ಸದಾ ಗುಮಾನಿ. ಇದೊಂದರ ಯೋಚನೆ ಇರ್ಲಿಲ್ಲ. ನಿಮ್ಮಪ್ಪನ ಚಕ್ರ ಇದು."

ಅಪ್ಪ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಆ ಪಿನ್ನು ಅವತ್ತು ಇರ್ಲಿಲ್ಲ, ಫುಲ್ವಿಯೊ," ಎಂದ. "ನನ್ನ ಜೇಬಲ್ಲಿತ್ತು. ಮೊದಲನೇ ಸುತ್ತಲ್ಲೇ ಗೊತ್ತಾಯ್ತು. ನಾನು ಹೇಳಲಿಲ್ಲ."

ಫುಲ್ವಿಯೊ ಮಾಮನ ಕೈ ಅಪ್ಪನ ಹೆಗಲಿನಿಂದ ಜಾರಿತು. ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ ನಿಂತರು. ಕೊನೆಗೆ ಅವರು ಕೇಳಿದ್ದು ಒಂದೇ. "ಮಿರೆಲ್ಲಾಗೆ ಗೊತ್ತಾ?"

ಇಲ್ಲವೆಂದು ಅಪ್ಪ ತಲೆ ಅಲ್ಲಾಡಿಸಿದ.

ಆಮೇಲೆ ಅವರು ಗಟ್ಟಿಯಾಗಿ ನಕ್ಕರು. ಗೆದ್ದೆವಲ್ಲ ಮಾರಾಯ, ಚಕ್ರ ಬೀಳಲಿಲ್ಲವಲ್ಲ, ಇಷ್ಟು ವರ್ಷ ಇದನ್ನು ಕಟ್ಟಿಕೊಂಡು ಕೊರಗಿದೆಯಾ, ಎಂಥ ಪೆದ್ದ ನೀನು ಎಂದು ಅಪ್ಪನನ್ನು ತಬ್ಬಿಕೊಂಡರು. ಅಪ್ಪ ಎಳೆಮಗುವಿನ ಹಾಗೆ ಅತ್ತ. ಪಿನ್ನು ತೆಗೆಯಲೇ ಎಂದು ಕೇಳಿದ್ದಕ್ಕೆ ಫುಲ್ವಿಯೊ ಮಾಮ, "ಇರ್ಲಿ ಮಗೂ. ಇದನ್ನ ಮಲಗೋ ಕೋಣೇಲಿ ಇಡ್ತೀವಿ, ಮಿರೆಲ್ಲಾ ದಿನಾ ನೋಡ್ತಾಳೆ," ಎಂದರು. ಮೂವರೂ ಊಟಕ್ಕೆ ಕೂತೆವು. ಅಪ್ಪ ಎರಡು ದಿನದ ಹಸಿವನ್ನೆಲ್ಲ ತೀರಿಸಿಕೊಂಡ, ಎರಡನೇ ಸಲ ಸಾರು ಹಾಕಿಸಿಕೊಂಡ, ಅಮ್ಮ ಇದ್ದಾಗ ಅವಳನ್ನು ಗೇಲಿ ಮಾಡುತ್ತಿದ್ದ ಹಳೆಯ ಜೋಕುಗಳನ್ನೂ ಹೇಳಿದ. ಅವನ ಮುಖ ಅಷ್ಟು ಹಗುರಾಗಿದ್ದದ್ದನ್ನು ನಾನು ಬುದ್ಧಿ ಬಂದಾಗಿನಿಂದ ಕಂಡಿರಲಿಲ್ಲ. ಫುಲ್ವಿಯೊ ಮಾಮ ನಗುತ್ತಲೇ ಇದ್ದರು. ಅವರ ಬಟ್ಟಲಿನಲ್ಲಿದ್ದದ್ದು ಬಟ್ಟಲಿನಲ್ಲೇ ಇತ್ತು.

ಮಾದರಿಯ ಪೆಟ್ಟಿಗೆಯನ್ನು ನಾನೇ ಅವರ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿ, ಒಳಗೆ ಬಂದು ಪಾತ್ರೆ ಎತ್ತಿಡುತ್ತಿದ್ದೆ. ಎಂಜಿನ್ನಿನ ಸದ್ದು ಬರಲಿಲ್ಲ. ಅಪ್ಪ, ನಾನು ಬಾಗಿಲಿಗೆ ಬಂದೆವು.

ಫುಲ್ವಿಯೊ ಮಾಮ ಕೀಲುನೋವಿನ ಮಂಡಿಯನ್ನು ಜಲ್ಲಿಯ ಮೇಲೆ ಊರಿ ತಮ್ಮ ಕಾರಿನ ಮುಂದಿನ ಚಕ್ರದ ಬೋಲ್ಟುಗಳನ್ನು ಬೆರಳಿನಿಂದ ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದರು. ಬಾಗಿಲು ಹಿಡಿದು ಎದ್ದರು, ಹಿಂದಿನ ಚಕ್ರಕ್ಕೆ ಹೋದರು, ಮತ್ತೆ ಮಂಡಿಯೂರಿದರು. ಅಪ್ಪ ಶೆಡ್ಡಿಗೆ ಓಡಿಹೋಗಿ ಸ್ಪ್ಯಾನರ್ ತಂದ. ಏಳು ಮಾರಾಯ, ಬಿಡು, ನಾನು ನೋಡ್ತೀನಿ ಎನ್ನುತ್ತ ಪಕ್ಕದಲ್ಲಿ ಬಗ್ಗಿದ.

ಅವರು ತಲೆ ಎತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಬೇಡ ಎರ್ಮೆಸ್. ನಾನೇ ನೋಡ್ಕೋತೀನಿ."