ಚಕ್ಕೆಯ ಪಾಲು

ಸೌದೆ ಸೀಳುವ ಯಂತ್ರವನ್ನು ಆರಿಸಿಕೊಟ್ಟವನು ದೇವರಾಜನೇ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ಅವನಿಗೆ ಯಾರ ಮೇಲೆ ಸಿಟ್ಟು ಬಂದರೂ ಅದು ಸುತ್ತಿ ಬಳಸಿ ಅವನ ತಲೆಯ ಮೇಲೇ ಬಂದು ಕೂರುತ್ತಿತ್ತು.

ಹಿರೇಕೊಡಿಗೆಯ ಯಶವಂತನ ಮನೆಗೆ ಸೌದೆ ಒಡೆಯುವುದು ದೇವರಾಜನ ಅಪ್ಪ ಗುರುವನ ಕಾಲದಿಂದ ಬಂದ ಕೆಲಸ. ಅಡಿಕೆ ಬೇಯಿಸುವ ಒಲೆ ಆ ಮನೆಯಲ್ಲಿ ಕೊಯ್ಲು ಮುಗಿಯುವ ತನಕ ಆರುವುದಿಲ್ಲ. ಅದರ ಬಾಯಿಗೆ ಎಷ್ಟು ತುರುಕಿದರೂ ಸಾಲದು. ಒಡೆದವನಿಗೆ ಕೂಲಿಯಂತೂ ಉಂಟು, ಅದರ ಜೊತೆಗೆ ಒಂದು ರೂಢಿಯೂ ಇತ್ತು: ಕೊಡಲಿ ಬಿದ್ದಾಗ ಹಾರಿದ ಚಕ್ಕೆಯೆಲ್ಲ ಒಡೆದವನದು. ಸಂಜೆ ಗೋಣಿಗೆ ತುಂಬಿ ಹೊತ್ತು ನಡೆದರೆ ಎಂತ ಒಯ್ಯುತ್ತೀಯ ಎಂದು ಯಾರೂ ಕೇಳುವಂತಿಲ್ಲ. ಗುರುವ ಕೊಡಲಿಯನ್ನು ಒಂದಿಷ್ಟು ಓರೆ ಮಾಡಿ ಬೀಸುತ್ತಿದ್ದ, ಅಂಗೈ ಅಗಲದ ಚಕ್ಕೆ ಏಳುತ್ತಿತ್ತು. ಯಶವಂತನ ಅಪ್ಪ ಮಂಜಪ್ಪಗೌಡರು ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತ, "ಏನ ಗುರುವ, ಮನೆಗೆ ನೆಂಟ್ರು ಬಂದಾರನ? ಇವತ್ತು ಚಕ್ಕೆ ದಪ್ಪ ಬತ್ತಾ ಇದೆ" ಎನ್ನುತ್ತಿದ್ದರು. ಅಷ್ಟೇ. ಇಬ್ಬರಿಗೂ ಗೊತ್ತಿದ್ದ ಕಳ್ಳತನ ಕಳ್ಳತನವಲ್ಲ.

ಆ ಇಬ್ಬರೂ ಈಗಿಲ್ಲ. ಓರೆ ಏಟು ಮಾತ್ರ ಮಗನ ಕೈಗೆ ಬಂದಿತ್ತು, ಈ ಸಲ ಅದು ಬೇಕೂ ಇತ್ತು. ತಂಗಿ ಸುಮಲತಾ ಹೆರಿಗೆಗೆಂದು ಬಂದವಳು ಮನೆಯಲ್ಲಿ ಬಾಣಂತಿ. ಬಾಣಂತಿ ನೀರೆಂದರೆ ಉಗುರುಬೆಚ್ಚಗಿನ ನೀರಲ್ಲ; ಹಂಡೆ ಕುದಿಯಬೇಕು, ಸುರಿದುಕೊಂಡವಳ ಬೆನ್ನು ಕೆಂಪಾಗಬೇಕು, ಇಲ್ಲದಿದ್ದರೆ ಮುಪ್ಪಿನಲ್ಲಿ ಸೊಂಟ ಹಿಡಿಯುತ್ತದೆ ಎಂಬುದು ಅವ್ವ ಭೈರಮ್ಮನ ಶಾಸ್ತ್ರ. ಗ್ಯಾಸು ಅನ್ನ ಬೇಯಿಸಿದರೆ ಅದೇ ದೊಡ್ಡದು. ಕಾಡಿಗೆ ಹೋಗಿ ಹೊರೆ ತರುವ ಕಾಲ ಮುಗಿದಿದೆ. ಬಚ್ಚಲ ಒಲೆ ಉರಿಯುತ್ತಿದ್ದದ್ದು ಆ ಚಕ್ಕೆಯಿಂದಲೇ.

ಅಂಥ ಹೊತ್ತಿನಲ್ಲಿ ಯಶವಂತ ಸೌದೆ ಸೀಳುವ ಮಿಷನ್ ತರಲು ಹೊರಟ. "ಒಡೆಯೋನು ನೀನು, ಆರ್ಸೋನೂ ನೀನೇ. ಬಾ ಮಾರಾಯ" ಎಂದು ದೇವರಾಜನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ಮುಂದಿನ ಸೀಟು! ದಡ್ಡನಿಗೆ ಅಷ್ಟು ಸಾಕಲ್ಲ.

ಮೊದಲು ಕಡಹಿನಬೈಲಿನಲ್ಲಿ ಯಶವಂತನ ನೆಂಟರ ಮನೆಯ ಕರೆಂಟಿನ ಮಿಷನ್ ನೋಡಿದರು. ಅಕೇಶಿಯಾದ ಗಂಟು ಬಂದಾಗ ಅದರ ಬೆಣೆ ಅರ್ಧಕ್ಕೇ ಸಿಕ್ಕಿಕೊಂಡು ಹೆರಿಗೆ ನೋವು ತಿನ್ನುವವಳ ಹಾಗೆ ಮುಲುಗಿತು. "ನಮ್ಮೂರ ವೋಲ್ಟೇಜಿಗೆ ಇದು ಹುಲ್ಲೂ ಸೀಳಲ್ಲ ಯಶವಂತಣ್ಣ" ಎಂದ ದೇವರಾಜ. ಬಾಳಗಡಿಯ ಅಂಗಡಿಯಲ್ಲಿ ಪೆಟ್ರೋಲಿನವು ಎರಡಿದ್ದವು. ಒಂದರಲ್ಲಿ ತುಂಡನ್ನು ಎತ್ತಿ ಮಲಗಿಸಬೇಕು, ಇನ್ನೊಂದರಲ್ಲಿ ಉರುಳಿಸಿ ತಂದು ನಿಲ್ಲಿಸಿದರಾಯಿತು. ಅಂಗಡಿಯ ಹುಡುಗ ಎಷ್ಟು ಟನ್ನಿನ ಒತ್ತಡ ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ದೇವರಾಜ ಅದನ್ನು ಕೇಳಲಿಲ್ಲ, ನಿಲ್ಲಿಸುವ ಮಿಷನ್ನಿನ ಕೆಳಗೆ ಒಂದು ದಪ್ಪ ತುಂಡು ಇಟ್ಟು ಲಿವರ್ ಎಳೆದ. ಬೆಣೆ ಅವಸರವಿಲ್ಲದೆ ಇಳಿಯಿತು. ಚಟ್ ಎಂದು ತುಂಡು ಎರಡಾಗಿ ಬಿತ್ತು. ದೇವರಾಜ ಬಗ್ಗಿ ನೆಲ ನೋಡಿದ, ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ:

"ಅಬ್ಬ, ಒಂದು ಚಕ್ಕೆ ಹಾರಿಲ್ಲ ನೋಡಿ! ಚೂರೂ ದಂಡ ಇಲ್ಲ. ಇದನ್ನೇ ತಗಳಿ ಯಶವಂತಣ್ಣ."

ದಂಡ ಅಂದ. ತನ್ನ ಮನೆಯ ಬಚ್ಚಲ ಬೆಂಕಿಯನ್ನು ತಾನೇ ದಂಡ ಎಂದ, ಅದೂ ಹಲ್ಲು ಕಿಸಿದುಕೊಂಡು. ಅದು ಅವನ ತಲೆಗೆ ಹೊಕ್ಕಿದ್ದು ಕೆಲಸ ಶುರುವಾದ ದಿನದ ಸಂಜೆ.

ಆ ದಿನ ಕೊಟ್ಟಿಗೆಯ ಪಕ್ಕ ಸೌದೆ ಆಳೆತ್ತರಕ್ಕೆ ಬಿದ್ದಿತ್ತು. ರಟ್ಟೆ ನೋವಿಲ್ಲ, ಬೆವರೂ ಇಲ್ಲ. ಇಂಜಿನ್ ನಿಲ್ಲಿಸಿ ರೂಢಿಯಂತೆ ಗೋಣಿ ಬಿಚ್ಚಿದ. ನೆಲದ ಮೇಲೆ ಹಿಡಿಯಷ್ಟು ಒಣಗಿದ ತೊಗಟೆ. ಅದು ಇರುವೆಯ ಬಾಣಂತನಕ್ಕೂ ಸಾಲದು. ಒಂದು ಗಳಿಗೆ ನಿಂತ. ಆಮೇಲೆ ರಾಶಿಯಿಂದ ನಾಲ್ಕು ಸೀಳು ಎತ್ತಿ ಗೋಣಿಗೆ ಹಾಕಿದ.

"ಎಂತ ತುಂಬ್ತಿದಿಯಾ ದೇವರಾಜ?" ಯಶವಂತ ಹಿಂದೆಯೇ ನಿಂತಿದ್ದ.

"ಚಕ್ಕೆ ಪಾಲು ಯಶವಂತಣ್ಣ. ಮಿಷನ್ನಲ್ಲಿ ಚಕ್ಕೆ ಬರಲ್ವಲ್ಲ, ಅದ್ರ ಬದ್ಲಿಗೆ."

"ಚಕ್ಕೆ ಬೇರೆ, ಸೌದೆ ಬೇರೆ ಮಾರಾಯ. ಚೂರೂ ದಂಡ ಇಲ್ಲ ಅಂತ ನೀನೇ ಹೇಳಿದ್ಯಲ್ಲ?"

"ಮನೇಲಿ ಬಾಣಂತಿ ಇದಾಳೆ."

"ಹಂಗಂತ ಕೇಳು. ಕೇಳಿದ್ರೆ ಇಲ್ಲ ಅಂತೀನಾ? ಕೇಳದೆ ತುಂಬಿದ್ರೆ ನೋಡಿದೋರು ಎಂತ ಅಂತಾರೆ?"

"ನಮ್ಮಪ್ಪ ಒಂದಿನನೂ ಕೇಳಿ ತಗಂಡೋಗಿಲ್ಲ."

"ನಿಮ್ಮಪ್ಪ ಕೊಡ್ಲಿ ಬೀಸ್ತಿದ್ದ. ನೀನು ಲಿವರ್ ಎಳಿತೀಯ."

ಯಶವಂತ ನಗುತ್ತಲೇ ಹೇಳಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ದೇವರಾಜ ಗೋಣಿಯನ್ನು ಬೋರಲು ಹಾಕಿ ಕೊಡವಿದ. "ಕೇಳಲ್ಲ" ಎಂದು ಹೊರಟುಬಂದ.

ಮನೆಯಲ್ಲಿ ಅವ್ವ ಖಾಲಿ ಕೈ ನೋಡಿದಳು. ನಡೆದದ್ದನ್ನು ಕೇಳಿ, "ಒಂದು ಮಾತು ಕೇಳಕ್ಕೆ ನಿನ್ನ ಬಾಯಿಗೆ ಎಂತ ಆಗಿತ್ತು?" ಎಂದಳು.

"ನಮ್ಮ ಪಾಲು ಅವ್ವ. ನಮ್ಮ ಪಾಲನ್ನ ನಾವೇ ಬೇಡ್ಬೇಕಾ?"

"ಪಾಲು ಅಂತ ಒಲೆಗೆ ಹಾಕು. ಹತ್ತಿಕೊಳ್ತದ ನೋಡಣ."

ಕೋಳಿಗೂಡಿನ ಪಟ್ಟಿ ಮುರಿದು ಉರಿ ಹಾಕಿದಳು. ಹಂಡೆ ಕುದಿಯಲಿಲ್ಲ. ಬಚ್ಚಲಿನ ಒಳಗಿಂದ ಸುಮಲತಾ, "ಅವ್ವ, ಚಳಿ" ಎಂದದ್ದು ಎರಡು ಸಲ ಕೇಳಿತು. ದೇವರಾಜ ಅನ್ನ ಬಿಟ್ಟು ಎದ್ದ.

ಮಾರನೆಯ ದಿನ ಮಿಷನ್ ಮುಂದೆ ತುಂಡು ಉರುಳಿಸುತ್ತಿದ್ದವನು ತಲೆ ಎತ್ತಿದರೆ, ಅಂಗಳದ ತುದಿಯಲ್ಲಿ ಅವ್ವ. ಸೆರಗನ್ನು ಮುಂದಕ್ಕೆ ಎಳೆದುಕೊಂಡು ನಿಂತಿದ್ದಳು. ಯಶವಂತನ ಹೆಂಡತಿ ಕಾವ್ಯ ಮೆಟ್ಟಿಲಿಳಿದು ಬಂದಳು. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಅವ್ವನ ಕೈ ಮಾತ್ರ ಕಂಡಿತು. ಮುಗಿದ ಹಾಗೆಯೂ ಇಲ್ಲ, ಚಾಚಿದ ಹಾಗೆಯೂ ಇಲ್ಲ, ಎರಡರ ನಡುವೆ ಎಲ್ಲೋ ಇತ್ತು. ದೇವರಾಜ ಇಂಜಿನ್ ಆರಿಸಿದ. ಆಗ ಕೇಳಿಸಿತು.

"ತಗಂಡೋಗಿ ಭೈರಮ್ಮ, ಅದಕ್ಕೆಂತ. ಹಂಗೇ ಈ ಅಂಗಳ ಒಂಚೂರು ಗುಡಿಸಿಬಿಡಿ. ತೊಗಟೆ ಧೂಳು ಬಿದ್ದಿದೆ."

ಅವ್ವ ಹಿಡಿಸೂಡಿ ಹಿಡಿದು ಬಗ್ಗಿದಳು. ಗುಡಿಸುತ್ತ ಗುಡಿಸುತ್ತ ಮಿಷನ್ನಿನ ಬುಡಕ್ಕೆ, ಮಗನ ಕಾಲ ಬಳಿಗೆ ಬಂದಳು.

"ಅದನ್ನ ಬಿಸಾಕು ಅವ್ವ. ಮನೆಗೆ ನಡಿ" ಎಂದ ಹಲ್ಲು ಕಚ್ಚಿ.

"ಕಾಲು ತೆಗಿ."

"ಅವ್ವ."

"ಕಾಲು ತೆಗಿ ಅಂದೆ. ಎಂತಕ್ಕೆ ನಿಲ್ಸಿದೆ? ಈ ಕೆಲ್ಸನೂ ಕಳ್ಕೊಂಡು ಮನೇಲಿ ಕೂರ್ತೀಯಾ? ನಡೆಸು."

ಕಾಲು ತೆಗೆದ. ಇಂಜಿನ್ನಿನ ಹಗ್ಗ ಎಳೆದ. ಮೊದಲ ಸಲಕ್ಕೆ ಹತ್ತಲಿಲ್ಲ, ಮತ್ತೆ ಎಳೆದ.

ಆ ಸಂಜೆ ಹಂಡೆ ತಕಪಕ ಕುದಿಯಿತು. ಒಲೆಯ ಮುಂದೆ ಕೂತು ತಾನೇ ಸೀಳಿದ ಸೌದೆಯನ್ನು ಒಂದೊಂದಾಗಿ ಒಳಗೆ ತಳ್ಳಿದವನು ದೇವರಾಜನೇ. ಬಚ್ಚಲಿನಿಂದ ಸುಮಲತಾ, "ಅಣ್ಣ, ಇವತ್ತು ನೀರು ಎಷ್ಟು ಹದವಾಗಿದೆ ಗೊತ್ತಾ" ಎಂದಳು. ಅವನು ಹೊಗೆಗೆ ಮುಖ ಕೊಟ್ಟು ಕೂತಿದ್ದ.

ಅವ್ವ ಮಗುವಿನ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತ ಹೇಳಿದಳು:

"ನಾಳೆನೂ ಬಾ ಅಂದಿದಾರೆ ಕಾವ್ಯಮ್ಮ. ಹೋಗುವಾಗ ಕರಿ, ಒಟ್ಟಿಗೇ ಹೋಗಣ."