ಚುಕ್ಕಿಸ್ವಾಮಿಯ ಕಟ್ಟೆ

ಹೊಲದಲ್ಲಿ ನಿಂತಿದ್ದ ಕೊಟ್ರೇಶನ ತಲೆಗೆ ಹಾಡಹಗಲೇ ಕಲ್ಲು ಬಡಿದು ಅವನು ಸತ್ತಾಗ, ಅದು ಆಕಾಶದಿಂದ ಬಿತ್ತು ಎಂದು ಮೊದಲು ಬಾಯಿಬಿಟ್ಟವನು ಗುಡ್ಡದಾಚೆಯ ಕ್ವಾರಿಯ ಯಜಮಾನ. ಊರಿಗೆ ಅಷ್ಟೇ ಸಾಕಾಯಿತು. ಆಂಧ್ರ ಗಡಿಯ ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಿಂದ ಜೀಪುಗಟ್ಟಲೆ ಜನ ಬಂದರು. ಯಜಮಾನನೇ ಕಟ್ಟೆ ಕಟ್ಟಿಸಿ ತಗಡು ಹೊದಿಸಿದ. ಕುಂಬಳಕಾಯಿ ಗಾತ್ರದ ಕಲ್ಲು ಮೈತುಂಬ ವಿಭೂತಿ ಬಳಿಸಿಕೊಂಡು ಚುಕ್ಕಿಸ್ವಾಮಿಯಾಗಿ ಕೂತಿತು. ಸತ್ತವನ ಅಪ್ಪ ಶಿವಯೋಗಪ್ಪನೇ ಪೂಜಾರಿ. ಕೊಂದ ಕಲ್ಲಿಗೇ ಕಾಯಿ ಒಡೆಯುವ ಜನಕ್ಕೆ ಏನೆನ್ನೋಣ!

ಕಲ್ಲು ದೇವರಾದ ಮೇಲೆ ತಪ್ಪು ಹೊರಲು ಬೇರೆ ಯಾರಾದರೂ ಬೇಕಲ್ಲ. ಸಿಕ್ಕವಳು ಕೊಟ್ರೇಶನ ಹೆಂಡತಿ ಶಿವಲೀಲಾ. ಮೂಲಾ ನಕ್ಷತ್ರದ ಸೊಸೆ, ಮಾವನಿಗೆ ಬರಬೇಕಾದ ಸಾವು ಗಂಡನಿಗೆ ಬಂತು ಎಂದರು. ಕೊಳಾಯಿ ಹತ್ತಿರವೂ ಅವಳ ಪಕ್ಕ ಯಾರೂ ಬಿಂದಿಗೆ ಇಡುತ್ತಿರಲಿಲ್ಲ. ಅವಳಿಗೂ ಒಮ್ಮೊಮ್ಮೆ ಹೌದೇನೋ ಅನ್ನಿಸುತ್ತಿತ್ತು. ತಡೆಯಲಾರದೆ, ಹಿಂದೂಪುರದ ಕಾಲೇಜಿನಲ್ಲಿ ತನಗೆ ಪಾಠ ಹೇಳಿದ್ದ ಶ್ರೀಲತಾ ಮೇಡಂಗೆ ಫೋನ್ ಮಾಡಿದಳು.

ಮೇಡಂ ಬಸ್ ಹಿಡಿದು ಬಂದರು. ಕಲ್ಲಿಗೆ ಅಯಸ್ಕಾಂತ ಇಟ್ಟರು, ಹಿಡಿಯಲಿಲ್ಲ. ಉಗುರಿನಿಂದ ವಿಭೂತಿ ಕೆರೆದರು.

“ಉಲ್ಕೆ ಅಂದ್ರೆ ಚುಕ್ಕಿ ಅಲ್ಲ ಲೀಲಾ. ಹೆಚ್ಚಾಗಿ ಮಂಗಳ, ಗುರು ಗ್ರಹಗಳ ನಡುವೆ ಸುತ್ತೋ ಬಂಡೆಚೂರು. ಗಾಳಿಯಲ್ಲಿ ಉರಿದು ಬರೋದ್ರಿಂದ ಮೈಮೇಲೆ ಕರೀ ಸಿಪ್ಪೆ ಇರುತ್ತೆ, ಒಳಗೆ ಸಾಮಾನ್ಯವಾಗಿ ಕಬ್ಬಿಣ ಇರುತ್ತೆ. ಇದಕ್ಕೆ ಎರಡೂ ಇಲ್ಲ. ಇಲ್ಲಿ ನೋಡು, ಉದ್ದಕ್ಕೆ ಕೊರೆದ ಹಳ್ಳ. ಕ್ವಾರಿಯೋರು ಬಂಡೆ ಸಿಡಿಸೋ ಮದ್ದು ತುಂಬೋಕೆ ಹೊಡೆದ ತೂತಿನ ಅರ್ಧ.”

“ಮತ್ತೆ ನನ್ನ ನಕ್ಷತ್ರ?”

“ಮೂಲಾ ಅಂದ್ರೆ ವೃಶ್ಚಿಕದ ಬಾಲ. ಅಲ್ಲಿಂದ ಬೆಳಕು ಬರೋಕೇ ನೂರಾರು ವರ್ಷ ಬೇಕು. ನಿನ್ನ ಗಂಡ ಯಾರು ಅಂತ ಅದಕ್ಕೇನು ಗೊತ್ತು ಕಣಮ್ಮ?”

ಶಿವಲೀಲಾ ಅಳುತ್ತಲೇ, ಕಟ್ಟೆಯ ಮೇಲೆ ಕೂತಿದ್ದ ಮಾವನತ್ತ ತಿರುಗಿದಳು. ಮುದುಕ ತಲೆ ಎತ್ತಲಿಲ್ಲ.

“ಮೊದಲ್ನೇ ದಿನಾನೇ ನೋಡಿದ್ದೆ ಕಣಮ್ಮ. ನನ್ನ ಚಿಕ್ಕ ಮಗಾನೂ ಅದೇ ಕ್ವಾರೀಲಿ ದುಡೀತವ್ನೆ. ಬಾಯಿಬಿಟ್ರೆ ಅವ್ನೂ ಉಳಿಯಾಕಿಲ್ಲ ಅಂದ್ರು ಯಜಮಾನ್ರು. ಅದ್ಕೇ ವಿಭೂತಿ ಮೆತ್ಬುಟ್ಟೆ.”

“ಗಂಡನ್ನ ನುಂಗ್ದೋಳು ಅಂತ ಊರೆಲ್ಲ ನನ್ನ ಮಕಕ್ಕೆ ಉಗೀವಾಗ್ಲೂ?”

ಮುದುಕ ಮೇಡಂ ಕೆರೆದ ಜಾಗಕ್ಕೆ ಮತ್ತೆ ವಿಭೂತಿ ಮೆತ್ತಿದ.

ಅಷ್ಟರಲ್ಲಿ ಹೆಂಗಸರು ಪೂಜೆಗೆ ಬಂದರು, ಮುಂದೆ ಪಕ್ಕದ ಮನೆಯ ಮುತ್ಯಾಲಮ್ಮ. ಶಿವಲೀಲಾ ಅಭಿಷೇಕದ ನೀರನ್ನೆಲ್ಲ ಕಲ್ಲಿನ ಮೇಲೆ ಸುರಿದು ಸೆರಗಿನಿಂದ ತಿಕ್ಕಿದಳು. ನಡುಮಧ್ಯೆ ಕೊರೆದ ಹಳ್ಳ ಬಿಸಿಲಿಗೆ ನಿಚ್ಚಳವಾಗಿ ಕಂಡಿತು.

“ನೋಡ್ರಮ್ಮ, ಕ್ವಾರಿ ಕಲ್ಲು ಇದು! ನನ್ನ ಗಂಡನ್ನ ಕೊಂದದ್ದು ಕ್ವಾರಿ!”

ಮುತ್ಯಾಲಮ್ಮನ ಕೈಯಿಂದ ತಟ್ಟೆ ಜಾರಿತು. “ಅಯ್ಯೋ ದೇವುಡಾ! ಸ್ವಾಮಿ ಮೂರನೇ ಕಣ್ಣು ಬಿಟ್ಬುಟ್ಟವ್ನೆ!”

ಮೇಡಂ ತೆಲುಗಿನಲ್ಲಿ ಏನೋ ಕೂಗಿ ಹೇಳಿದರು, ಕೇಳುವವರಿಲ್ಲ. ಹೌದೋ ಅಲ್ಲವೋ ಎಂದು ಹೆಂಗಸರೆಲ್ಲ ಪೂಜಾರಿಯ ಮುಖ ನೋಡುತ್ತಿದ್ದರು.

“ಮಾವಾ, ನೀವಾದ್ರೂ ಹೇಳಿ,” ಎಂದಳು ಶಿವಲೀಲಾ.

ಶಿವಯೋಗಪ್ಪ ಎಲ್ಲರಿಗಿಂತ ಮೊದಲು ಕಲ್ಲಿಗೆ ಅಡ್ಡಬಿದ್ದ.